ಬಿಚ್ಚುವ ಮೊದಲು ಓಡಿಸಿ ನೋಡಿ

ಹಳೆಯ ಕಾಲದ ಮೋಟಾರು ಕಾರೊಂದು ಎಷ್ಟೋ ವರ್ಷ ಶೆಡ್ಡಿನಲ್ಲಿ ನಿಂತಿದ್ದು ಹೊರಗೆ ಬಂತೆಂದರೆ ಅದಕ್ಕೆ ಆಗುವ ಮೊದಲ ಉಪಚಾರ ಸಾಮಾನ್ಯವಾಗಿ ಒಂದೇ: ಗ್ಯಾರೇಜಿಗೆ ತಳ್ಳಿಸಿ ಎಂಜಿನ್ ಇಳಿಸುವುದು. ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿಸಿ, ಗೇರ್‌ಬಾಕ್ಸು ಬಿಚ್ಚಿಸಿ, ಕೊನೆಗೆ ಮುಖ ಕಾಣುವಂತೆ ಬಣ್ಣ ಹೊಡೆಸಿಬಿಟ್ಟರೆ ಕಾರು ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ನಾನು ಇವತ್ತು ಹೇಳಹೊರಟಿರುವುದು ಇದಕ್ಕೆ ವಿರುದ್ಧವಾದ ಮಾತು. ಹಳೆಯ ಕಾರನ್ನು ಬಿಚ್ಚುವ ಮೊದಲು ರಸ್ತೆಯ ಮೇಲೆ ಓಡಿಸಿ ಅಳೆಯಬೇಕು. ಯಾವ ಭಾಗ ಎಷ್ಟು ಸವೆದಿದೆ, ಸವೆದಿದ್ದರೂ ಯಾವುದು ಇನ್ನೂ ಕೆಲಸ ಮಾಡುತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಆಮೇಲೆ ಯಾವುದನ್ನು ಮುಟ್ಟಬೇಕೋ ಅದನ್ನು ಮಾತ್ರ ಮುಟ್ಟಬೇಕು. ಸವೆತದಿಂದ ಹಾಳಾದ ಹಳೆಯ ಕಾರುಗಳಿವೆ, ನಿಜ. ಆದರೆ ಸವೆತ ಎಲ್ಲಿದೆಯೆಂದು ನೋಡದೆಯೇ ಬಿಚ್ಚಿದ ಕಾರು ತನ್ನ ಹುಟ್ಟಿನ ಭಾಗಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಯಾವ ಬಣ್ಣವೂ ತುಂಬಿಕೊಡುವುದಿಲ್ಲ.

ವಿಂಟೇಜ್ ಎಂದ ಕೂಡಲೇ ಅರಮನೆಯ ರೋಲ್ಸ್ ರಾಯ್ಸ್ ನೆನಪಾಗುತ್ತದೆ. ಕಾರುಗಳ ಇತಿಹಾಸ ಬರೆಯುವವರು ಈ ಹೆಸರನ್ನು 1919ರಿಂದ 1930ರವರೆಗೆ ತಯಾರಾದ ಗಾಡಿಗಳಿಗೆ ಮಾತ್ರ ಕೊಡುವುದುಂಟು. ನಮ್ಮ ದೇಶದ ಕಾನೂನು ಅಷ್ಟು ಬಿಗಿಯಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡದ ಗಾಡಿ ವಿಂಟೇಜ್ ಎನಿಸಿಕೊಳ್ಳಬಹುದು. ಅದಕ್ಕೆ ವಿಎ ಅಕ್ಷರಗಳಿರುವ ಬೇರೆಯೇ ಸಾಲಿನ ನಂಬರು, ಹತ್ತು ವರ್ಷದ ನೋಂದಣಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅಂದಮೇಲೆ 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರ್ ಮಾರ್ಕ್ ಟು, ಫಿಯೆಟ್ 1100, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇವೆಲ್ಲ ಈ ಪಂಕ್ತಿಗೆ ಬಂದಾಯಿತು. ನಮ್ಮ ಕಡೆಯ ಬಂಗಾರಪೇಟೆಯಲ್ಲೋ ಆಂಡರ್ಸನ್‌ಪೇಟೆಯಲ್ಲೋ ಮನೆಯ ಹಿಂದೆ ಟಾರ್ಪಾಲಿನ್ ಹೊದ್ದು ನಿಂತಿರುವ ಅಪ್ಪನ ಕಾಲದ ಗಾಡಿಗೂ ಈ ಮಾತು ಸಲ್ಲುತ್ತದೆ. ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ, ನನ್ನ ವಾದಕ್ಕೆ ಅದೇ ಮುಖ್ಯ. ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆತುರಪಟ್ಟು ಬೇರೆ ಎಂಜಿನ್ ಕೂರಿಸಿದವರು ಕಾರನ್ನು ಓಡುವಂತೆ ಮಾಡಿರಬಹುದು, ಆದರೆ ಅದರ ಹಳಮೆಯನ್ನು ಕೈಯಾರೆ ಕಳೆದಿರುತ್ತಾರೆ.

ನಮ್ಮ ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಯ ಊರಿಗೆ, ಅಳೆದು ನೋಡಿ ಆಮೇಲೆ ಮುಟ್ಟುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ನೆಲದ ಜನ ಯಂತ್ರಗಳ ಸವೆತವನ್ನು ಓದುತ್ತಲೇ ಬದುಕಿದವರು. ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮೀರಿತ್ತು. ಗಣಿಗಿಳಿಯುವ ಮನುಷ್ಯನ ಜೀವ ನೇತಾಡುತ್ತಿದ್ದುದು ಕೇಜನ್ನು ಎಳೆಯುವ ಉಕ್ಕಿನ ಹಗ್ಗದ ಮೇಲೆ. ಗ್ರೀಸು ಬಳಿದ ಹಗ್ಗ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಆ ಚಂದವನ್ನು ನಂಬಿ ಯಾರೂ ಕೇಜು ಹತ್ತುತ್ತಿರಲಿಲ್ಲ. ಹಗ್ಗವನ್ನು ದಿನವೂ ನೋಡಬೇಕು, ಕಾಲಕಾಲಕ್ಕೆ ತುದಿಯನ್ನು ಕತ್ತರಿಸಿ ಒಳಗಿನ ತಂತಿಗಳನ್ನು ಬಿಡಿಸಿ ಪರೀಕ್ಷಿಸಬೇಕು, ಕಂಡದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಹಾಗೆಂದು ಅನುಮಾನ ಬಂದಾಗಲೆಲ್ಲ ಹಗ್ಗ ಬದಲಾಯಿಸುತ್ತಲೂ ಇರಲಿಲ್ಲ. ಪರೀಕ್ಷೆ ಇದ್ದದ್ದೇ ಯಾವಾಗ ಬದಲಾಯಿಸಬೇಕು, ಯಾವಾಗ ಬೇಡ ಎಂದು ತಿಳಿಯಲಿಕ್ಕೆ. ಗಣಿಯ ವರ್ಕ್‌ಶಾಪುಗಳಲ್ಲಿ, ಆಮೇಲೆ ಇಲ್ಲಿನ ಬೆಮೆಲ್ ಕಾರ್ಖಾನೆಯಲ್ಲಿ ದುಡಿದ ಫಿಟ್ಟರು, ಟರ್ನರುಗಳ ಕೈಯಲ್ಲಿ ಈ ವಿವೇಕ ಈಗಲೂ ಇದೆ. ಹಳೆಯ ಕಾರಿನ ವಿಷಯಕ್ಕೆ ಬಂದಾಗ ಅದನ್ನು ಏಕೆ ಪಕ್ಕಕ್ಕಿಡಬೇಕು?

ಓಡಿಸಿ ನೋಡುವುದೆಂದರೆ ಬ್ಯಾಟರಿ ಕೂಡಿಸಿ ಹೊರಟುಬಿಡುವುದಲ್ಲ. ಬಹಳ ಕಾಲ ನಿಂತ ಎಂಜಿನ್ನಿಗೆ ಮೊದಲು ಪ್ಲಗ್ಗಿನ ತೂತುಗಳಿಂದ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು, ಹ್ಯಾಂಡಲಿನಿಂದ ಕೈಯಲ್ಲೇ ನಿಧಾನವಾಗಿ ತಿರುಗಿಸಬೇಕು. ಹಳೆಯ ಆಯಿಲ್ ಇಳಿಸಬೇಕು. ಪೆಟ್ರೋಲ್ ಟ್ಯಾಂಕಿನ ತಳದ ಅಂಟು ತೊಳೆಯಬೇಕು. ಬ್ರೇಕು, ಟೈರು, ಸ್ಟೇರಿಂಗಿನ ಕೀಲುಗಳು ಇವನ್ನು ನೋಡದೆ ಗೇಟು ದಾಟಿಸಲೇಬಾರದು. ಇದೆಲ್ಲ ಸಿದ್ಧತೆಯೇ ಹೊರತು ರಿಪೇರಿಯಲ್ಲ. ಇಷ್ಟಾದ ಮೇಲೂ ಅಂಗಳದಲ್ಲಿ ಸ್ಟಾರ್ಟ್ ಮಾಡಿ ಕೇಳಿಸಿಕೊಂಡರೆ ಸಾಲದು. ನಿಂತಲ್ಲೇ ಓಡುವ ಎಂಜಿನ್ನಿಗೆ ಹೊರೆಯೇ ಇಲ್ಲ. ಬೇರಿಂಗುಗಳ ಮೇಲೆ ಒತ್ತಡವಿಲ್ಲ, ಕ್ರೌನ್ ಪಿನಿಯನ್ನಿನ ಹಲ್ಲುಗಳು ಒಂದಕ್ಕೊಂದು ಬಿಗಿದಿಲ್ಲ, ಕಿಂಗ್ ಪಿನ್ನಿಗೆ ಹಳ್ಳದ ಪೆಟ್ಟು ಬಿದ್ದಿಲ್ಲ, ಬ್ರೇಕ್ ಡ್ರಮ್ಮು ಕಾದಿಲ್ಲ. ಹೊರೆ ಮತ್ತು ಶಾಖ ಎರಡೂ ಒಟ್ಟಿಗೆ ಬಿದ್ದಾಗಲೇ ಸವೆತ ಬಾಯಿ ಬಿಡುವುದು.

ರಸ್ತೆಗಿಳಿಯುವ ಮೊದಲಿನ ಒಂದು ಅಳತೆಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಅಲ್ಲೇ. ಎಲ್ಲ ಪ್ಲಗ್ಗು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿಗೆ ಕಂಪ್ರೆಷನ್ ಗೇಜು ಹಚ್ಚಿ ಎಂಜಿನ್ ತಿರುಗಿಸುತ್ತಾರೆ. ಮುಳ್ಳು ಎಲ್ಲಿಗೆ ಹೋಗಿ ನಿಂತಿತೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಅದೇ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸುತ್ತಾರೆ. ಮುಳ್ಳು ಚೆನ್ನಾಗಿ ಮೇಲೇರಿದರೆ ಎಣ್ಣೆ ರಿಂಗಿನ ಸಂದು ಮುಚ್ಚಿತು ಎಂದರ್ಥ. ಸೋರಿಕೆ ಇದ್ದದ್ದು ರಿಂಗಿನಲ್ಲಿ, ಬೋರಿನಲ್ಲಿ. ಮುಳ್ಳು ಅಲ್ಲೇ ನಿಂತರೆ ದೋಷ ವಾಲ್ವಿನದು, ಇಲ್ಲವೇ ಹೆಡ್ ಗ್ಯಾಸ್ಕೆಟ್ಟಿನದು. ಬೋರ್ ಮಾಡಿಸುವ ದೊಡ್ಡ ಖರ್ಚಿಗೂ ವಾಲ್ವ್ ಉಜ್ಜಿ ಕೂರಿಸುವ ಸಣ್ಣ ಕೆಲಸಕ್ಕೂ ನಡುವೆ ಇರುವುದು ಆ ಒಂದು ಚಮಚ ಎಣ್ಣೆ. ಆದರೆ ಮುಳ್ಳು ಕೆಳಗಿದೆ ಎಂದ ಮಾತ್ರಕ್ಕೆ ಎಂಜಿನ್ ಬೋರಿಗೆ ಬಂದಿದೆ ಎನ್ನುವಂತಿಲ್ಲ. 1927ರಿಂದ 1931ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಎ ಕಾರಿನ ಕಂಪ್ರೆಷನ್ ಅನುಪಾತವೇ 4.22ಕ್ಕೆ ಒಂದು. ಇವತ್ತಿನ ಕಾರುಗಳಲ್ಲಿ ಅದು 9, 10ರ ಆಚೀಚೆ. ಇಂದಿನ ಗಾಡಿಯ ಲೆಕ್ಕ ಹಿಡಿದು ಹಳೆಯ ಫೋರ್ಡನ್ನು ಅಳೆದರೆ ಹೊಚ್ಚಹೊಸ ಎಂಜಿನ್ ಕೂಡ ಸತ್ತುಹೋದಂತೆ ಕಾಣುತ್ತದೆ.

ಇದರ ಮೇಲೆ ನಮ್ಮ ಊರಿನ ಎತ್ತರದ ಲೆಕ್ಕ ಬೇರೆ ಇದೆ. ಕೆಜಿಎಫ್ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಮೇಲಿದೆ, ಅಂದರೆ 2,800 ಅಡಿ. ಇಲ್ಲಿ ಗಾಳಿಯ ಒತ್ತಡ ಮದರಾಸಿನ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಕಂಪ್ರೆಷನ್ ಗೇಜಿನ ಓದಿಕೆಯೂ ಹೆಚ್ಚುಕಡಿಮೆ ಅಷ್ಟೇ ಪಾಲು ಇಳಿಯುತ್ತದೆ. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜು ಹಚ್ಚಿದರೆ ಆರೋಗ್ಯವಾದ ಎಂಜಿನ್ 17ರಿಂದ 21 ಇಂಚು ತೋರಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಅದು ಸಮುದ್ರ ಮಟ್ಟದ ಮಾತು. ಸಾವಿರ ಅಡಿ ಮೇಲೇರಿದಂತೆ ಒಂದೊಂದು ಇಂಚು ಕಳೆಯುತ್ತ ಹೋಗಬೇಕು. ಹಾಗಾಗಿ ಆಂಡರ್ಸನ್‌ಪೇಟೆಯಲ್ಲಿ 15 ಇಂಚು ತೋರಿಸಿ ಮುಳ್ಳು ಅಲುಗಾಡದೆ ನಿಂತರೆ ಆ ಎಂಜಿನ್ನಿನ ತಂಟೆಗೆ ಹೋಗಬೇಕಾಗಿಲ್ಲ. ಎಂಜಿನ್ನಿನ ಬಲವೂ ಅಷ್ಟೆ. ಗಾಳಿ ತೆಳುವಾದ್ದರಿಂದ ನೂರಕ್ಕೆ ಎಂಟೊಂಬತ್ತು ಪಾಲು ಇಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. 40 ಅಶ್ವಶಕ್ತಿಯ ಮಾಡೆಲ್ ಎ ನಮ್ಮಲ್ಲಿ 37ರ ಹತ್ತಿರ ಕೊಟ್ಟರೆ ಅದು ಸವೆತವಲ್ಲ, ಊರಿನ ಎತ್ತರ.

ನೀರು ಕುದಿಯುವ ವಿಷಯಕ್ಕೂ ಇದೇ ಲೆಕ್ಕ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಹೆಚ್ಚಿನ ಕಾರುಗಳ ರೇಡಿಯೇಟರಿಗೆ ಒತ್ತಡ ಹಿಡಿಯುವ ಮುಚ್ಚಳವಿಲ್ಲ. ಒಳಗಿನ ನೀರು ಬಯಲಿನ ಗಾಳಿಯ ಒತ್ತಡದಲ್ಲೇ ಕುದಿಯುತ್ತದೆ. ನಮ್ಮ ಎತ್ತರದಲ್ಲಿ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, 97ರಲ್ಲೇ ಕುದಿ ಬರುತ್ತದೆ. ಅಂದರೆ ಬೇಸಿಗೆಯ ಮಧ್ಯಾಹ್ನ ಗಾಡಿ ಸ್ವಲ್ಪ ಆವಿ ಬಿಟ್ಟಿತೆಂದರೆ ಹೆಡ್ಡು ಬಿಚ್ಚುವ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು. ಉದಾಹರಣೆಗೆ, ಮಾಡೆಲ್ ಎ ಕಾರಿನಲ್ಲಿ ಕಿಡಿ ಯಾವಾಗ ಹಾರಬೇಕೆಂಬುದನ್ನು ಸ್ಟೇರಿಂಗ್ ಪಕ್ಕದ ಒಂದು ಸಣ್ಣ ಸನ್ನೆಯಿಂದ ಓಡಿಸುವವನೇ ಹೊಂದಿಸಬೇಕು. ಸ್ಟಾರ್ಟ್ ಮಾಡುವಾಗ ತಡವಾಗಿ, ಓಡುವಾಗ ಬೇಗ. ಸ್ಟಾರ್ಟ್ ಆದ ಮೇಲೆ ಸನ್ನೆಯನ್ನು ಇಳಿಸಲು ಮರೆತು ಹತ್ತು ಕಿಲೋಮೀಟರ್ ಓಡಿಸಿದರೆ ಎಷ್ಟೇ ಒಳ್ಳೆಯ ಎಂಜಿನ್ ಆದರೂ ಕುದಿಯುತ್ತದೆ, ಎಳೆಯುವುದೂ ಇಲ್ಲ. ಇದನ್ನು ರಸ್ತೆಯ ಮೇಲೆ ಒಂದು ಸಲ ಹೊಂದಿಸಿ ನೋಡಿದರೆ ಗೊತ್ತಾಗುತ್ತದೆ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಮೇಲೆ ಎಂದಿಗೂ ಗೊತ್ತಾಗುವುದಿಲ್ಲ.

ನಮ್ಮ ಊರಿನ ಧೂಳಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಚಿನ್ನ ತೆಗೆದು ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು ಸೈನೈಡ್ ದಿಬ್ಬಗಳಾಗಿ ಬಿದ್ದಿದೆ. ಬೇಸಿಗೆಯ ಗಾಳಿಗೆ ಆ ಪುಡಿ ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳ ಮನೆಗಳಿಗೆಲ್ಲ ನುಗ್ಗುವುದು ಇಲ್ಲಿನವರಿಗೆ ತಿಳಿದದ್ದೇ. ಅದರಲ್ಲಿ ಬಹುಪಾಲು ನುಣ್ಣಗೆ ಅರೆದ ಬೆಣಚುಕಲ್ಲು. ಎಂಜಿನ್ ಬ್ಲಾಕಿನ ಎರಕದ ಕಬ್ಬಿಣಕ್ಕಿಂತ ಅದು ಗಡಸು. 1920ರ ದಶಕದ ಅನೇಕ ಕಾರುಗಳ ಕಾರ್ಬೊರೇಟರಿಗೆ ಗಾಳಿ ಸೋಸುವ ಫಿಲ್ಟರೇ ಇರಲಿಲ್ಲ. ಹೀಗೆ ಒಳಗೆ ಹೋದ ಪುಡಿ ಸಿಲಿಂಡರಿನ ಮೇಲ್ಭಾಗವನ್ನು, ಮೇಲಿನ ರಿಂಗು ಬಂದು ತಿರುಗುವ ಜಾಗವನ್ನು ತಿನ್ನುತ್ತದೆ. ಇದೇ ಊರಿನಲ್ಲಿ ಬಹುಕಾಲ ಓಡಿದ ಗಾಡಿಯ ಬೋರನ್ನು ಅನುಮಾನಿಸಲು ಇದು ನ್ಯಾಯವಾದ ಕಾರಣ. ಬೇರೆ ಊರಿನಿಂದ ಬಂದ ಗಾಡಿಗೂ ಇದೇ ತೀರ್ಪು ಕೊಡುವಂತಿಲ್ಲ. ಪರೀಕ್ಷೆಗೆ ಹೊರಡುವಾಗ ದಿಬ್ಬಗಳ ಮಗ್ಗುಲ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವುದು ಮೇಲು.

ಕೆಜಿಎಫ್‌ನಿಂದ ಬಂಗಾರಪೇಟೆಯವರೆಗಿನ ಸುಮಾರು ಹದಿನೈದು ಕಿಲೋಮೀಟರ್ ಇಂಥ ಪರೀಕ್ಷೆಗೆ ಹದವಾದ ದೂರ. ಎಂಜಿನ್ ಆಯಿಲ್, ಗೇರ್ ಆಯಿಲ್, ಹಿಂದಿನ ಆಕ್ಸಲ್ ಹೌಸಿಂಗಿನ ಆಯಿಲ್ ಮೂರೂ ಚೆನ್ನಾಗಿ ಕಾಯಲು ಅಷ್ಟು ಬೇಕು. ಜನ ಏಳುವ ಮೊದಲೇ, ಬೆಳಗಿನ ಜಾವ ಹೊರಡಬೇಕು. ತಣ್ಣಗಿದ್ದಾಗ ಟಪಟಪ ಎನ್ನುತ್ತಿದ್ದ ಸದ್ದು ಎರಡು ಕಿಲೋಮೀಟರಿನೊಳಗೆ ಅಡಗಿದರೆ ಅದು ಪಿಸ್ಟನ್ ಬೋರಿನೊಳಗೆ ಅಲುಗುವ ಸದ್ದು. ಕಾದ ಮೇಲೆ ಪಿಸ್ಟನ್ ಹಿಗ್ಗಿ ಸರಿಹೋಗುತ್ತದೆ, ಗಾಬರಿ ಬೇಡ. ಒಂದೇ ವೇಗದಲ್ಲಿ, ಹಗುರ ಆಕ್ಸಿಲರೇಟರಿನಲ್ಲಿ ಹೋಗುವಾಗ ಟಕಟಕ ಎಂದು ಬಡಿದರೆ ಅದು ಕನೆಕ್ಟಿಂಗ್ ರಾಡಿನ ಬೇರಿಂಗು. ಗಾಡಿ ನಿಲ್ಲಿಸಿ, ಎಂಜಿನ್ ವೇಗವನ್ನು ಅಷ್ಟಕ್ಕೇ ಏರಿಸಿ, ಮರದ ಹಿಡಿಯ ಸ್ಕ್ರೂ ಡ್ರೈವರಿನಿಂದ ಒಂದೊಂದೇ ಪ್ಲಗ್ಗನ್ನು ಶಾರ್ಟ್ ಮಾಡುತ್ತ ಬಂದರೆ ಯಾವ ಸಿಲಿಂಡರಿನಲ್ಲಿ ಸದ್ದು ಸಾಯುತ್ತದೋ ಆ ರಾಡಿನದೇ ತೊಂದರೆ. ಏರಿನಲ್ಲಿ, ಹೊರೆ ಬಿದ್ದಾಗ, ನೆಲದಡಿಯಿಂದ ಬಂದಂತೆ ಗುಡುಗುಡು ಎಂದರೆ ಮೇನ್ ಬೇರಿಂಗು. ಅದನ್ನು ಕೇಳಿದ ಮೇಲೆ ಇನ್ನು ಓಡಿಸಬಾರದು. ಮಾಡೆಲ್ ಎ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಗೇಜು ಇಲ್ಲವೇ ಇಲ್ಲ. ಅದರ ಬೇರಿಂಗುಗಳೋ ಕರಗಿಸಿ ಹೊಯ್ದ ಮೃದುವಾದ ಬಿಳಿ ಲೋಹದವು. ಅಲ್ಲಿ ಕಿವಿಯೇ ಗೇಜು.

ಹೊಗೆಯೂ ಮಾತಾಡುತ್ತದೆ, ಆದರೆ ಯಾವ ಹೊತ್ತಿನ ಹೊಗೆ ಎಂಬುದು ಮುಖ್ಯ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಕೆಳಗೆ ಬಂದು ಮತ್ತೆ ಒತ್ತಿದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತುಹೋದರೆ ಎಣ್ಣೆ ಇಳಿದದ್ದು ವಾಲ್ವ್ ಗೈಡಿನಿಂದ. ಎಳೆಯುವಷ್ಟು ಹೊತ್ತೂ ನೀಲಿ ಹೊಗೆ ಬರುತ್ತಲೇ ಇದ್ದರೆ ರಿಂಗು. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿದೆಯಷ್ಟೆ, ಕಾರ್ಬೊರೇಟರ್ ಹೊಂದಿಸಿದರೆ ಸಾಕು. ಈ ಮೂರನ್ನೂ ನಿಂತ ಗಾಡಿಯಲ್ಲಿ ಬೇರೆ ಮಾಡಿ ಹೇಳುವುದು ಕಷ್ಟ. ಹಿಂದೆ ಇನ್ನೊಂದು ಗಾಡಿಯಲ್ಲಿ ಬರುವವರು ನೋಡಿ ಬರೆದುಕೊಳ್ಳಬೇಕು.

ಎಂಜಿನ್ನಿನ ಆಚೆಗೆ ಬಂದರೆ ಓಟದ ಪರೀಕ್ಷೆಗೆ ಬದಲಿಯೇ ಇಲ್ಲ. ಎಳೆಯುವಾಗ ಹಿಂದಿನಿಂದ ಗುಂಯ್ ಎನ್ನುವ ಸದ್ದು ಆಕ್ಸಿಲರೇಟರ್ ಬಿಟ್ಟ ಕೂಡಲೇ ರಾಗ ಬದಲಾಯಿಸಿದರೆ ಕ್ರೌನ್ ಪಿನಿಯನ್ ಹೊಂದಾಣಿಕೆ ತಪ್ಪಿದೆ. ಎರಡೂ ಹೊತ್ತಿನಲ್ಲಿ ಒಂದೇ ಆಗಿದ್ದರೆ ಚಕ್ರದ ಬೇರಿಂಗೋ ಟೈರೋ ಇರಬಹುದು. ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬಂದರೆ ಗೇರಿನ ಹಲ್ಲೋ ಸೆಲೆಕ್ಟರಿನ ಸ್ಪ್ರಿಂಗೋ ಸವೆದಿದೆ. ಯಾವುದೋ ಒಂದು ವೇಗದಲ್ಲಿ ಮುಂದಿನ ಚಕ್ರಗಳೆರಡೂ ತಲೆಯಾಡಿಸಿ ಸ್ಟೇರಿಂಗ್ ಕೈಯಲ್ಲಿ ಕುಣಿದರೆ ಕಿಂಗ್ ಪಿನ್ನು, ಟೈ ರಾಡ್ ತುದಿಗಳನ್ನು ಬದಲಾಯಿಸಲೇಬೇಕು, ಅಲ್ಲಿ ಹಳಮೆಯ ಮೋಹ ಸಲ್ಲದು. ಬ್ರೇಕಿಗೆ ಶುದ್ಧ ಲೆಕ್ಕವೇ ಇದೆ. ಗಂಟೆಗೆ 40 ಕಿಲೋಮೀಟರ್ ವೇಗದಿಂದ ಬ್ರೇಕು ಹಿಡಿದ ಜಾಗಕ್ಕೂ ಗಾಡಿ ನಿಂತ ಜಾಗಕ್ಕೂ ನಡುವಿನ ದೂರ 6.3 ಮೀಟರ್ ಆದರೆ ಬ್ರೇಕಿನ ಬಲ ನೂರಕ್ಕೆ ನೂರು, 12.6 ಮೀಟರ್ ಆದರೆ ಅರ್ಧ. ರಾಡು ಮತ್ತು ಪಿನ್ನುಗಳಿಂದ ಕೆಲಸ ಮಾಡುವ ಹಳೆಯ ಬ್ರೇಕು ಅರ್ಧದ ಆಸುಪಾಸಿನಲ್ಲಿ, ನೇರ ಗೆರೆಯಲ್ಲಿ ನಿಲ್ಲಿಸಿದರೆ ಅದರ ಯೋಗ್ಯತೆಗೆ ತಕ್ಕ ಕೆಲಸ ಮಾಡಿದಂತೆ. ಒಂದು ಕಡೆಗೆ ಎಳೆದರೆ ಆ ಪಿನ್ನುಗಳ ಸವೆತ ನೋಡಬೇಕು. ಗಾಡಿ ನಿಂತ ಮೇಲೆ ನಾಲ್ಕೂ ಚಕ್ರದ ಹಬ್ಬಿನ ಹತ್ತಿರ ಅಂಗೈ ಹಿಡಿದರೆ ಯಾವುದು ಉಳಿದವಕ್ಕಿಂತ ಹೆಚ್ಚು ಕಾದಿದೆಯೋ ಅಲ್ಲಿ ಬ್ರೇಕು ಉಜ್ಜುತ್ತಿದೆ, ಇಲ್ಲವೇ ಬೇರಿಂಗು ಬಿಗಿಯಾಗಿದೆ.

ಇನ್ನು ಗಾಡಿಯ ಸಾಮರ್ಥ್ಯ. ಲಂಡನ್ನಿನ 'ದಿ ಆಟೋಕಾರ್' ಪತ್ರಿಕೆ 1928ರಲ್ಲಿ ಆಸ್ಟಿನ್ ಸೆವೆನ್ ಕಾರೊಂದನ್ನು ರಸ್ತೆಯಲ್ಲಿ ಪರೀಕ್ಷಿಸಿ ವರದಿ ಮಾಡಿದಾಗ ಈ ಬಗೆಯ ಪರೀಕ್ಷೆಗೆ ಒಂದು ಕ್ರಮ ಬಂತು ಎನ್ನುತ್ತಾರೆ. ಆದರೆ ಇಂಥ ಪರೀಕ್ಷೆ ಎಂದರೆ ಗರಿಷ್ಠ ವೇಗ ಎಷ್ಟು ಎಂಬುದರ ಕಡೆಗೇ ಜನರ ಕಿವಿ. ಮುದಿ ಗಾಡಿಯ ಮಟ್ಟಿಗೆ ಅದಕ್ಕಿಂತ ಉಪಯೋಗವಿಲ್ಲದ ಪ್ರಶ್ನೆ ಇನ್ನೊಂದಿಲ್ಲ, ಅಪಾಯವೂ ಹೌದು. ಕೇಳಬೇಕಾದದ್ದು ಟಾಪ್ ಗೇರಿನಲ್ಲಿ ನಿಧಾನದಿಂದ ಎಷ್ಟು ಸಲೀಸಾಗಿ ಎಳೆಯುತ್ತದೆ ಎಂಬುದು. ಮಾಡೆಲ್ ಎ ಎಂಜಿನ್ ನಿಮಿಷಕ್ಕೆ 1,000 ಸುತ್ತಿನಲ್ಲೇ ತನ್ನ ಪೂರ್ತಿ ತಿರುಚು ಬಲ ಕೊಡುವಂತೆ ಮಾಡಿದ್ದು. ಅದನ್ನು ಅಲ್ಲೇ ಪರೀಕ್ಷಿಸುವುದು ನ್ಯಾಯ. ಮೊದಲು ಸ್ಪೀಡೋಮೀಟರನ್ನೇ ಪರೀಕ್ಷಿಸಬೇಕು. ಮುಳ್ಳನ್ನು 40ರಲ್ಲಿ ಹಿಡಿದು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 90 ಸೆಕೆಂಡು ಹಿಡಿದರೆ ಮುಳ್ಳು ಸರಿ. 100 ಹಿಡಿದರೆ ನಿಜವಾದ ವೇಗ 36. ಆಮೇಲೆ 20ರಿಂದ 50ಕ್ಕೆ ಟಾಪ್ ಗೇರಿನಲ್ಲೇ ಏರಲು ಎಷ್ಟು ಹೊತ್ತು ಬೇಕೆಂದು ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆಯಬೇಕು, ಏರಿಳಿತವೂ ಗಾಳಿಯೂ ಹಾಗೆ ಸರಿದೂಗುತ್ತವೆ. ಇದರ ಜೊತೆಗೆ ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು: ಸಮ ರಸ್ತೆಯಲ್ಲಿ 50ಕ್ಕೆ ತಂದು ನ್ಯೂಟ್ರಲಿಗೆ ಹಾಕಿ, 30ಕ್ಕೆ ಇಳಿಯುವವರೆಗೆ ಎಷ್ಟು ಸೆಕೆಂಡು ಉರುಳುತ್ತದೆ ಎಂದು ನೋಡುವುದು. ಚೆನ್ನಾಗಿ ಉರುಳುವ ಗಾಡಿ ಎಳೆಯದಿದ್ದರೆ ತಪ್ಪು ಎಂಜಿನ್ನಿನದು, ಕಿಡಿಯದು, ಕಾರ್ಬೊರೇಟರಿನದು. ಎಳೆಯುವುದೂ ಇಲ್ಲ, ಉರುಳುವುದೂ ಇಲ್ಲ ಎಂದರೆ ಬ್ರೇಕು ಹಿಡಿದುಕೊಂಡಿದೆ, ಬೇರಿಂಗು ಬಿಗಿದಿದೆ, ಚಕ್ರಗಳು ಒಂದಕ್ಕೊಂದು ನೇರವಿಲ್ಲ. 'ಪಿಕಪ್ ಇಲ್ಲ' ಎಂಬ ಒಂದೇ ದೂರಿಗೆ ಎಂಜಿನ್ ಇಳಿಸುವ ಗ್ಯಾರೇಜು ಈ ಒಂದು ನಿಮಿಷದ ಅಳತೆ ಮಾಡಿದ್ದರೆ ಎಷ್ಟೋ ಎಂಜಿನ್ನುಗಳು ತಮ್ಮ ಹುಟ್ಟಿನ ಬೋರಿನಲ್ಲೇ ಉಳಿಯುತ್ತಿದ್ದವು.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಅಪರೂಪದ ಗಾಡಿಯನ್ನು ಓಡಿಸಿದಷ್ಟೂ ಸವೆಯುತ್ತದಲ್ಲ, ನಿಲ್ಲಿಸಿ ಕಾಪಾಡುವುದೇ ಕ್ಷೇಮವಲ್ಲವೇ ಎಂಬುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಕಾರುಗಳನ್ನು ಸಾಲಾಗಿ ನೋಡಿದವರಿಗೆ ಹಾಗೆನಿಸುವುದು ಸಹಜ. ನಿಗಾ ಇರುವ ಸಂಗ್ರಹಾಲಯದ ಮಾತು ಬೇರೆ, ಮನೆಯ ಶೆಡ್ಡಿನ ಮಾತು ಬೇರೆ. ಶೆಡ್ಡಿನಲ್ಲಿ ನಿಂತ ಎಂಜಿನ್ನಿನ ತೆರೆದ ವಾಲ್ವಿನಿಂದ ತೇವದ ಗಾಳಿ ಒಳಹೋಗಿ ಬೋರಿಗೆ ತುಕ್ಕು ಹಿಡಿಯುತ್ತದೆ, ಹಳೆಯ ಆಯಿಲ್‌ನಲ್ಲಿ ಉಳಿದ ಆಮ್ಲ ಬೇರಿಂಗನ್ನು ತಿನ್ನುತ್ತದೆ, ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ. ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಅದಕ್ಕಿಂತಲೂ ಕೆಟ್ಟದ್ದು. ಸವೆತ ಅತಿ ಹೆಚ್ಚಾಗಿ ನಡೆಯುವುದು ತಣ್ಣಗಿನ ಎಂಜಿನ್ ಹೊರಡುವ ಮೊದಲ ಕ್ಷಣಗಳಲ್ಲೇ, ಸುಟ್ಟ ಪೆಟ್ರೋಲಿನಿಂದ ಹುಟ್ಟಿದ ನೀರು ಆವಿಯಾಗಿ ಹೋಗುವಷ್ಟು ಕಾವೂ ಬರುವುದಿಲ್ಲ. ಚೆನ್ನಾಗಿ ಕಾಯುವವರೆಗೆ ಓಡಿಸಿದ ಇಪ್ಪತ್ತು ಮೂವತ್ತು ಕಿಲೋಮೀಟರ್ ಆ ಐದೈದು ನಿಮಿಷಗಳಿಗಿಂತ ಕಡಿಮೆ ಸವೆಸುತ್ತದೆ.

ಅನುಭವಿ ಮೇಸ್ತ್ರಿಗೆ ಗೇಜೂ ಬೇಡ, ಗಡಿಯಾರವೂ ಬೇಡ, ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸಾಕು ಎನ್ನುವವರಿದ್ದಾರೆ. ಆ ಕೈಯ ಬಗ್ಗೆ ನನಗೂ ಗೌರವವಿದೆ, ಮೇಲೆ ಹೇಳಿದ ಅರ್ಧ ಪರೀಕ್ಷೆಗಳು ಕಿವಿಯವೇ, ಕೈಯವೇ. ಆದರೆ ಕಿವಿಗೆ ಹೋದ ವರ್ಷದ ಸದ್ದು ನೆನಪಿರುವುದಿಲ್ಲ. ಸವೆತದಲ್ಲಿ ಮುಖ್ಯವಾದದ್ದು ಎಷ್ಟಿದೆ ಎಂಬುದಕ್ಕಿಂತ ಎಷ್ಟು ವೇಗವಾಗಿ ಹೆಚ್ಚುತ್ತಿದೆ ಎಂಬುದು. ಮೂರು ವರ್ಷದಿಂದ ಹಾಗೇ ಇರುವ ಸಣ್ಣ ಸದ್ದನ್ನು ಹಾಗೇ ಬಿಡಬಹುದು, ಆರು ತಿಂಗಳಲ್ಲಿ ಹುಟ್ಟಿದ ಸದ್ದನ್ನು ಬಿಡಬಾರದು. ಇದನ್ನು ಹೇಳಬಲ್ಲದ್ದು ಬರೆದಿಟ್ಟ ಪುಸ್ತಕ ಮಾತ್ರ. ಮೇಸ್ತ್ರಿ ಬದಲಾದರೂ, ಒಡೆಯ ಬದಲಾದರೂ ಅದು ಗಾಡಿಯ ಜೊತೆಗಿರುತ್ತದೆ.

ಇಂದಿನ ಪೆಟ್ರೋಲಿನಲ್ಲಿ ಹಳೆಯ ಗಾಡಿ ಓಡಿಸುವುದೇ ತಪ್ಪು, ಓಡಿಸಿದರೆ ಪರೀಕ್ಷೆಯೂ ಸುಳ್ಳಾಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ದ ಫೆಬ್ರವರಿಗೆ ನಿಂತಿತು. ಸೀಸದ ಆಸರೆಯಲ್ಲಿದ್ದ ಅಂಬಾಸಿಡರಿನಂಥ ಗಾಡಿಗಳ ವಾಲ್ವ್ ಸೀಟು ಅದಿಲ್ಲದೆ ಗಟ್ಟಿಯಾಗಿ ಓಡಿಸಿದರೆ ತೇಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಕಾರ್ಕಿನ ಫ್ಲೋಟಿಗೆ ಬಳಿದ ಅರಗನ್ನು ಕರಗಿಸುತ್ತದೆ, ಮಿಶ್ರಣವನ್ನು ತೆಳುವಾಗಿಸಿ ಎಂಜಿನ್ನನ್ನು ಬಿಸಿಯಾಗಿಸುತ್ತದೆ. ಆದರೆ ಇದು ಪರೀಕ್ಷೆ ಬೇಡ ಎನ್ನಲು ಕಾರಣವಾಗುವುದಿಲ್ಲ, ಪರೀಕ್ಷೆಯಲ್ಲಿ ಇನ್ನೆರಡು ಸಾಲು ಸೇರಿಸಲು ಕಾರಣವಾಗುತ್ತದೆ. ಟ್ಯಾಪೆಟ್ಟಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಬರೆದಿಟ್ಟು, ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆಯಬೇಕು. ಸಂದು ಕಿರಿದಾಗಿದ್ದರೆ ವಾಲ್ವ್ ಒಳಗೆ ಕುಸಿಯುತ್ತಿದೆ ಎಂದರ್ಥ, ಆಗ ಗಡಸು ಸೀಟು ಕೂರಿಸುವ ಕೆಲಸ ಮಾಡಿಸಬೇಕು. ಕುಸಿಯದಿದ್ದರೆ ಹೆಡ್ಡನ್ನು ಹಾಗೇ ಬಿಡಬೇಕು. ಪೆಟ್ರೋಲ್ ಪೈಪು ಹೇಗೂ ವರ್ಷ ವರ್ಷ ಬದಲಾಯಿಸುವಂಥದ್ದು, ಅದಕ್ಕೆ ಹಳಮೆಯ ಬೆಲೆಯಿಲ್ಲ.

ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುತ್ತದೆಯೇ ಎಂಬ ಪ್ರಶ್ನೆಗೂ ಉತ್ತರವಿದೆ. ವಿಂಟೇಜ್ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ, ದುಡಿಮೆಗೆ ಹಚ್ಚುವಂತಿಲ್ಲ. ಆದರೆ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ನಿರ್ವಹಣೆ ಇವಕ್ಕಾಗಿ ರಸ್ತೆಗೆ ತರಲು ನಿಯಮವೇ ಅವಕಾಶ ಕೊಟ್ಟಿದೆ. ಸವೆತವನ್ನು ಅಳೆಯಲು ಹೊರಟ ಗಾಡಿ ನಿರ್ವಹಣೆಗಾಗಿಯೇ ಹೊರಟದ್ದು. ಇನ್ಶೂರೆನ್ಸು, ನೋಂದಣಿ ಪತ್ರ ಜೊತೆಯಲ್ಲಿರಬೇಕು, ಬ್ರೇಕಿನ ಅಳತೆಯನ್ನು ಖಾಲಿ ಜಾಗದಲ್ಲೇ ಮಾಡಬೇಕು, ಹಿಂದೆ ಬರುವವರಿಗೆ ಹಳೆಯ ಗಾಡಿಯ ಬ್ರೇಕ್ ಲೈಟು ಕಾಣುವಂತಿರಬೇಕು.

ಪರೀಕ್ಷೆಯಿಂದ ಬಂದ ಮೇಲೆ ಗಾಡಿಯನ್ನು ಆರಲು ಬಿಟ್ಟು, ಆಯಿಲ್ ಕಡ್ಡಿ ಎಳೆದು ಎಷ್ಟು ಕಡಿಮೆಯಾಗಿದೆ ನೋಡಿ, ಅಡಿಯಲ್ಲಿ ರಾತ್ರಿಯಿಡೀ ರಟ್ಟು ಹಾಸಿಟ್ಟು ಎಲ್ಲಿಂದ ಏನು ತೊಟ್ಟಿಕ್ಕಿದೆ ಎಂದು ಬೆಳಿಗ್ಗೆ ಗುರುತು ಹಾಕಿ, ಅದೆಲ್ಲವನ್ನೂ ಪುಸ್ತಕಕ್ಕೆ ಏರಿಸಬೇಕು. ಆಮೇಲೆ ಮಾಡಬೇಕಾದ ಕೆಲಸಗಳನ್ನು ಎರಡು ಪಾಲು ಮಾಡಬಹುದು. ನಿಲ್ಲಿಸುವ, ತಿರುಗಿಸುವ ಭಾಗಗಳಲ್ಲಿ, ಅಂದರೆ ಬ್ರೇಕು, ಕಿಂಗ್ ಪಿನ್ನು, ಟೈ ರಾಡು, ಚಕ್ರದ ಬೇರಿಂಗು, ಟೈರುಗಳಲ್ಲಿ, ಸವೆತ ಕಂಡರೆ ತಡಮಾಡದೆ ಹೊಸದು ಹಾಕಬೇಕು, ಬಿಚ್ಚಿದ ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಇಟ್ಟುಕೊಳ್ಳಬೇಕು. ಎಳೆಯುವ ಭಾಗಗಳಲ್ಲಿ, ಎಂಜಿನ್ನು, ಗೇರ್‌ಬಾಕ್ಸು, ಹೌಸಿಂಗುಗಳಲ್ಲಿ, ಸವೆತ ಇದ್ದರೂ ಅಳತೆ ವರ್ಷದಿಂದ ವರ್ಷಕ್ಕೆ ಏರದಿದ್ದರೆ ಒಂದು ಬೋಲ್ಟನ್ನೂ ಸಡಿಲಿಸಬಾರದು. ಒಂದಿಷ್ಟು ನೀಲಿ ಹೊಗೆ ಬಿಡುತ್ತ ತನ್ನದೇ ಬೋರಿನಲ್ಲಿ, ತನ್ನದೇ ಪಿಸ್ಟನ್ನಿನಲ್ಲಿ ಬಂಗಾರಪೇಟೆಗೆ ಹೋಗಿ ಬರಬಲ್ಲ ಮಾಡೆಲ್ ಎ, ಎಲ್ಲ ಭಾಗಗಳನ್ನೂ ಹೊಸದಾಗಿ ಹಾಕಿಸಿಕೊಂಡು ಹೊಳೆಯುವ ಮಾಡೆಲ್ ಎಗಿಂತ ಹೆಚ್ಚು ಸಂಗತಿಗಳನ್ನು 1930ರ ಬಗ್ಗೆ ತಿಳಿಸುತ್ತದೆ. ಮುಂದಿನ ಪರೀಕ್ಷೆಯನ್ನು ಮುಂದಿನ ವರ್ಷ ಇದೇ ತಿಂಗಳಲ್ಲಿ, ಇದೇ ರಸ್ತೆಯಲ್ಲಿ, ಇಷ್ಟೇ ಜನರನ್ನು ಕೂರಿಸಿಕೊಂಡು ಮಾಡಿ.